ಶಾಖದ ಲೆಕ್ಕವನ್ನು ಬರೆದ ಜೇಮ್ಸ್ ಜೂಲ್

ಕಳೆದ ಬೇಸಗೆಯ ಒಂದು ಮಧ್ಯಾಹ್ನ ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ವಿಜ್ಞಾನದ ಮಾಸ್ತರರು ತಮ್ಮ ಸ್ಮಾರ್ಟ್‌ಫೋನನ್ನು ದುಂಡನೆಯ ಒಂದು ಪುಟ್ಟ ಮಣೆಯ ಮೇಲೆ ಇಟ್ಟು ಪಾಠಕ್ಕೆ ಹೋದರು. ಮಣೆಗೆ ಗೋಡೆಯಿಂದ ತಂತಿ ಬಂದಿತ್ತು; ಮಣೆಗೂ ಫೋನಿಗೂ ನಡುವೆ ಮಾತ್ರ ಯಾವ ತಂತಿಯೂ ಇರಲಿಲ್ಲ. ದೇವರ ಮುಂದೆ ಹಣ್ಣನ್ನಿಟ್ಟಂತೆ ಸುಮ್ಮನೆ ಇಟ್ಟರೆ ಸಾಕು, ಒಳಗಿನ ಬ್ಯಾಟರಿ ತಾನಾಗಿ ತುಂಬಿಕೊಳ್ಳುವುದಂತೆ. ಎರಡು ಪಾಠ ಮುಗಿಸಿ ಅವರು ಮರಳಿದಾಗ ಫೋನಿನ ಬೆನ್ನು ಅಂಗೈಗೆ ಚುರುಕು ಮುಟ್ಟಿಸುವಷ್ಟು ಕಾದಿತ್ತು. ಬ್ಯಾಟರಿ ಅರ್ಧಕ್ಕೂ ಏರಿರಲಿಲ್ಲ. ತಂತಿಯನ್ನು ಚುಚ್ಚಿದ್ದರೆ ಇಷ್ಟು ಹೊತ್ತಿಗೆ ತುಂಬಿ ತುಳುಕುತ್ತಿತ್ತು ಎಂದು ಅವರೇ ಒಪ್ಪಿಕೊಂಡರು. ಈ ಬಿಸಿ ಏಕೆ, ಈ ನಿಧಾನವೇಕೆ ಎಂದು ನಾನು ಕೇಳಿದುದಕ್ಕೆ ಅವರು ಒಬ್ಬನ ಹೆಸರನ್ನು ಹೇಳಿದರು: ಜೇಮ್ಸ್ ಪ್ರೆಸ್ಕಟ್ ಜೂಲ್.

ವ್ಯಾಕರಣ ಛಂದಸ್ಸುಗಳಲ್ಲಿ ಬೆಳೆದು ಬಂದ ನನ್ನಂಥವನಿಗೆ ಭೌತವಿಜ್ಞಾನಿಯೊಬ್ಬನ ಚರಿತ್ರೆಯನ್ನು ಬರೆಯುವ ಅಧಿಕಾರವೆಷ್ಟು ಎಂಬ ಶಂಕೆ ಇಲ್ಲದೆ ಇಲ್ಲ. ಆದರೂ ಆ ಹೆಸರಿನ ಬೆನ್ನು ಹತ್ತಿ ಹೋದಾಗ ಕಂಡ ಜೀವನ ಎಷ್ಟು ಸರಳವೂ ಎಷ್ಟು ಗಟ್ಟಿಯೂ ಆಗಿತ್ತೆಂದರೆ, ನಮ್ಮ ಬಾಲಕರ ಮುಂದೆ ಅದನ್ನು ಇಡದೆ ಇರಲಾಗಲಿಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೊಂದಿಕೊಂಡಿರುವ ಸಾಲ್ಫರ್ಡ್ ಪಟ್ಟಣದಲ್ಲಿ 1818ರ ಡಿಸೆಂಬರ್ 24ರಂದು ಜೂಲನು ಹುಟ್ಟಿದನು. ಅವನ ಮನೆತನದ ಕಸುಬು ಬಿಯರ್ ತಯಾರಿಕೆ. ಶ್ರೀಮಠದ ಸಂಚಿಕೆಯಲ್ಲಿ ಮದ್ಯ ತಯಾರಕನ ಮಗನ ಕಥೆಯೇ ಎಂದು ಹುಬ್ಬೇರಿಸುವ ಹಿರಿಯರು ಕೊಂಚ ತಾಳ್ಮೆ ವಹಿಸಬೇಕೆಂದು ಬೇಡುವೆನು. ಆ ಕಸುಬನ್ನು ನಾನು ಹೊಗಳುತ್ತಿಲ್ಲ. ಆದರೆ ಅದರಲ್ಲಿ ನೀರಿನ ಶಾಖವನ್ನು ಕ್ಷಣಕ್ಷಣಕ್ಕೂ ಅಳೆಯಬೇಕಾಗುತ್ತಿತ್ತು. ಉಷ್ಣಮಾಪಕವನ್ನು ಹಿಡಿಯುವ ಕೈ, ಅದರ ಗೆರೆಯನ್ನು ಓದುವ ಕಣ್ಣು ಆ ಹುಡುಗನಿಗೆ ದೊರೆತದ್ದು ಅಲ್ಲಿಯೇ ಎಂದು ಊಹಿಸುವುದು ತಪ್ಪಾಗದು.

ಬಾಲ್ಯದಲ್ಲಿ ಅವನಿಗೆ ಬೆನ್ನೆಲುಬಿನ ತೊಂದರೆ ಇತ್ತು. ಸ್ವಭಾವವೂ ಸಂಕೋಚದ್ದು. ಆದುದರಿಂದ ವಿದ್ಯಾಭ್ಯಾಸ ಬಹುಮಟ್ಟಿಗೆ ಮನೆಯಲ್ಲಿಯೇ ನಡೆಯಿತು. 1834ರಲ್ಲಿ ತಂದೆಯು ಅವನನ್ನೂ ಅಣ್ಣ ಬೆಂಜಮಿನ್ನನನ್ನೂ ಪರಮಾಣುವಾದದ ಪ್ರವರ್ತಕನಾದ ಜಾನ್ ಡಾಲ್ಟನ್ನನ ಬಳಿಗೆ ಕಳುಹಿಸಿದನು. ಲೋಕವಿಖ್ಯಾತನಾದ ಆ ವೃದ್ಧ ಗುರು ಈ ಹುಡುಗರಿಗೆ ಮೊದಲು ಕಲಿಸಿದ್ದು ಪರಮಾಣುವನ್ನಲ್ಲ, ಅಂಕಗಣಿತವನ್ನು ಮತ್ತು ರೇಖಾಗಣಿತವನ್ನು. ಅಳೆಯದೆ ಮಾತನಾಡಬಾರದೆಂಬ ಸಂಸ್ಕಾರ ಅಲ್ಲಿ ಬೇರೂರಿತು. 1837ರಲ್ಲಿ ಡಾಲ್ಟನ್ನನಿಗೆ ಪಾರ್ಶ್ವವಾಯು ಬಡಿದು ಪಾಠ ನಿಂತಿತು. ಜೂಲನು ಯಾವ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತಲಿಲ್ಲ.

ಆ ಕಾಲದಲ್ಲಿ ಹೊಸ ಬೆರಗು ವಿದ್ಯುತ್ತು. 1831ರಲ್ಲಿ ಮೈಕೆಲ್ ಫ್ಯಾರಡೆಯು ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಸುರುಳಿಗಳನ್ನು ಸುತ್ತಿ, ಒಂದರಲ್ಲಿ ಪ್ರವಾಹವನ್ನು ಹೊಂದಿಸುವ ಮತ್ತು ಮುರಿಯುವ ಕ್ಷಣದಲ್ಲಿ, ಅದನ್ನು ಮುಟ್ಟದೆ ಇರುವ ಇನ್ನೊಂದರಲ್ಲಿಯೂ ಪ್ರವಾಹ ಹುಟ್ಟುವುದನ್ನು ಕಂಡಿದ್ದನು. ಇಂದಿನ ಚಾರ್ಜಿಂಗ್ ಮಣೆಯ ಮೂಲತತ್ತ್ವ ಇದೇ. ಮಣೆಯಲ್ಲಿ ಒಂದು ಸುರುಳಿ, ಫೋನಿನ ಬೆನ್ನಿನಲ್ಲಿ ಒಂದು ಸುರುಳಿ. ಮೊದಲನೆಯದರಲ್ಲಿ ಪ್ರವಾಹವು ಸೆಕೆಂಡಿಗೆ ಲಕ್ಷಕ್ಕೂ ಮೇಲ್ಪಟ್ಟು ಸಲ ಹಿಂದುಮುಂದಾಗಿ ತೂಗಿದರೆ, ನಡುವಣ ಕೆಲವೇ ಮಿಲಿಮೀಟರಿನ ಅಂತರವನ್ನು ಅಯಸ್ಕಾಂತ ಶಕ್ತಿಯು ದಾಟಿ ಎರಡನೆಯದರಲ್ಲಿ ಪ್ರವಾಹವನ್ನು ಪ್ರೇರಿಸುತ್ತದೆ. ದಾಟಿಸುವ ದಾರಿಯನ್ನು ತೋರಿದವನು ಫ್ಯಾರಡೆ. ದಾಟುವಾಗ ತೆರಬೇಕಾದ ಸುಂಕವನ್ನು ಲೆಕ್ಕ ಹಾಕಿದವನು ಜೂಲ್.

ತರುಣ ಜೂಲನು ಈ ಬೆರಗಿಗೆ ಸಂಪೂರ್ಣವಾಗಿ ಮರುಳಾಗಿದ್ದನು. ಅಣ್ಣತಮ್ಮಂದಿರು ತಮಗೂ ಮನೆಯ ಆಳುಗಳಿಗೂ ವಿದ್ಯುತ್ತಿನ ಪೆಟ್ಟು ಕೊಟ್ಟು ನೋಡುತ್ತಿದ್ದರಂತೆ. ಇದನ್ನು ನಮ್ಮ ಹುಡುಗರು ಅನುಕರಿಸತಕ್ಕದ್ದಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ, 1838ರಲ್ಲಿ, ತಾನೇ ಕಟ್ಟಿದ ವಿದ್ಯುತ್ ಅಯಸ್ಕಾಂತದ ಯಂತ್ರವೊಂದನ್ನು ಕುರಿತು ಪತ್ರಿಕೆಯಲ್ಲಿ ಬರೆದನು. ಕಾರ್ಖಾನೆಯ ಉಗಿಯಂತ್ರವನ್ನು ತೆಗೆದುಹಾಕಿ ಆ ಸ್ಥಾನದಲ್ಲಿ ಬ್ಯಾಟರಿಯ ಯಂತ್ರವನ್ನು ನಿಲ್ಲಿಸಬೇಕೆಂಬುದು ಅವನ ಕನಸು. ಹೊಗೆಯಿಲ್ಲ, ಕಲ್ಲಿದ್ದಲಿಲ್ಲ, ಕೊನೆಯಿಲ್ಲದ ಶಕ್ತಿ! ಅಂದಿನ ಅನೇಕರು ಹೀಗೆಯೇ ನಂಬಿದ್ದರು.

ಆದರೆ ಡಾಲ್ಟನ್ನನ ಶಿಷ್ಯ ಕನಸಿಗೂ ತಕ್ಕಡಿ ಹಿಡಿದನು. ಬ್ಯಾಟರಿಯೊಳಗೆ ಸವೆದುಹೋದ ಸತುವನ್ನು ತೂಗಿದನು. ಯಂತ್ರವು ಎತ್ತಿದ ಭಾರವನ್ನು ಅಳೆದನು. ಒಂದು ಪೌಂಡು ಸತು ಮಾಡಿದ ಕೆಲಸವು ಒಳ್ಳೆಯ ಉಗಿಯಂತ್ರದಲ್ಲಿ ಒಂದು ಪೌಂಡು ಕಲ್ಲಿದ್ದಲು ಮಾಡುವ ಕೆಲಸದ ಕಾಲುಭಾಗವೂ ಇರಲಿಲ್ಲ. ಸತುವಿನ ಬೆಲೆಯೋ ಕಲ್ಲಿದ್ದಲಿಗಿಂತ ಎಷ್ಟೋ ಹೆಚ್ಚು. 1841ರಲ್ಲಿ ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ನಿಂತು, ತಾನು ಹಂಬಲಿಸಿದ ಯಂತ್ರ ಹಣಕಾಸಿನ ದೃಷ್ಟಿಯಿಂದ ಕೈಗೂಡದೆಂದು ತಾನೇ ಹೇಳಿದನು. ಇಪ್ಪತ್ತೆರಡು ವರ್ಷದ ತರುಣನೊಬ್ಬನು ತನ್ನ ಆಸೆಗೆ ವಿರುದ್ಧವಾಗಿ ಸಾಕ್ಷಿ ನುಡಿದ ಈ ಪ್ರಸಂಗ ನನಗೆ ಅವನ ಮುಂದಿನ ಕೀರ್ತಿಗಿಂತಲೂ ಹಿರಿದಾಗಿ ತೋರುತ್ತದೆ.

ಹೋದ ಶಕ್ತಿ ಎಲ್ಲಿ ಹೋಯಿತು? ಈ ಪ್ರಶ್ನೆ ಅವನನ್ನು ಬಿಡಲಿಲ್ಲ. ಪ್ರವಾಹ ಹರಿದ ತಂತಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲವರಾಗಿದ್ದರು. ಎಷ್ಟು ಬಿಸಿ ಎಂಬುದನ್ನು ನಿಯಮಕ್ಕೆ ತಂದವರಿರಲಿಲ್ಲ. ಜೂಲನು ಗಾಜಿನ ನಳಿಗೆಗೆ ತಂತಿಯನ್ನು ಸುತ್ತಿ, ಅದನ್ನು ನೀರಿನಲ್ಲಿ ಮುಳುಗಿಸಿ, ಪ್ರವಾಹವನ್ನು ಹರಿಸಿ, ನೀರು ಏರಿದ ಉಷ್ಣತೆಯನ್ನು ಓದಿದನು. ಪ್ರವಾಹವನ್ನು ಇಮ್ಮಡಿಸಿದಾಗ ಶಾಖವು ಇಮ್ಮಡಿಯಾಗಲಿಲ್ಲ, ನಾಲ್ಮಡಿಯಾಯಿತು. ಮುಮ್ಮಡಿಸಿದಾಗ ಒಂಬತ್ತು ಪಟ್ಟಾಯಿತು. ಶಾಖವು ತಂತಿಯ ರೋಧಕ್ಕೂ ಪ್ರವಾಹದ ವರ್ಗಕ್ಕೂ ಅನುಗುಣವಾಗಿರುತ್ತದೆ ಎಂಬ ಜೂಲನ ನಿಯಮ ಹೀಗೆ ಹುಟ್ಟಿತು. 1840ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅದನ್ನು ಕಳುಹಿಸಿದನು. ಆ ವಿದ್ವತ್ಸಭೆ ಕೇವಲ ಸಾರಾಂಶವೊಂದನ್ನು ಅಚ್ಚು ಹಾಕಿಸಿ ಕೈ ತೊಳೆದುಕೊಂಡಿತು. ಪೂರ್ಣ ಲೇಖನ ಮರುವರ್ಷ ಬೇರೊಂದು ಪತ್ರಿಕೆಯಲ್ಲಿ ಬೆಳಕು ಕಂಡಿತು.

ಈ ನಿಯಮವನ್ನು ಕೈಯಲ್ಲಿ ಹಿಡಿದು ನಮ್ಮ ಮಾಸ್ತರರ ಮಣೆಯ ಬಳಿಗೆ ಬರೋಣ. ಫೋನನ್ನು ಮಣೆಯ ನಡುವೆ ಸರಿಯಾಗಿ ಇಡದೆ ಒಂದಿಷ್ಟು ಓರೆಯಾಗಿ ಇಟ್ಟರೆಂದು ತಿಳಿಯಿರಿ. ಸುರುಳಿಗಳು ಒಂದನ್ನೊಂದು ಎದುರುನೋಡುವುದಿಲ್ಲ. ಅಯಸ್ಕಾಂತ ಶಕ್ತಿಯ ಬಹುಭಾಗ ಪಕ್ಕಕ್ಕೆ ಜಾರುತ್ತದೆ. ಅಷ್ಟೇ ವಿದ್ಯುತ್ತನ್ನು ತಲುಪಿಸಬೇಕಾದರೆ ಮಣೆಯು ತನ್ನ ಪ್ರವಾಹವನ್ನು ಹೆಚ್ಚಿಸಬೇಕು. ಪ್ರವಾಹ ಇಮ್ಮಡಿಯಾದರೆ ಬಿಸಿ ನಾಲ್ಮಡಿ. ನಡುವೆ ದಪ್ಪನೆಯ ಕವಚವಿದ್ದರೂ ಇದೇ ಗತಿ. ಫೋನಿನೊಳಗಿನ ಲೋಹದ ಭಾಗಗಳಲ್ಲಿ, ಅಥವಾ ಅಕಸ್ಮಾತ್ ನಡುವೆ ಸಿಕ್ಕಿಬಿದ್ದ ನಾಣ್ಯದಲ್ಲಿ, ಯಾರಿಗೂ ಬೇಡವಾದ ಸುಳಿಪ್ರವಾಹಗಳು ಹುಟ್ಟಿ ಅಲ್ಲಿಯೂ ಕಾವೇರುತ್ತದೆ. ತಂತಿಯ ಮೂಲಕ ತುಂಬುವಾಗಲೂ ಬಿಸಿ ಇಲ್ಲದಿಲ್ಲ. ಆದರೆ ಆಗ ಅದರಲ್ಲಿ ಒಂದು ಪಾಲು ಗೋಡೆಯ ಬಳಿಯ ಅಡಾಪ್ಟರಿನಲ್ಲಿಯೇ ಉಳಿಯುತ್ತದೆ. ಇಲ್ಲಿಯೋ ಶಾಖವನ್ನು ಹುಟ್ಟಿಸುವ ಸುರುಳಿಯು ಬ್ಯಾಟರಿಯ ಬೆನ್ನಿಗೇ ಅಂಟಿಕೊಂಡಿದೆ, ಕೆಳಗೆ ಮಣೆಯೂ ಕಾದಿದೆ.

ಈಗ ನಿಧಾನದ ಮಾತು. ಲಿಥಿಯಂ ಬ್ಯಾಟರಿಗೆ ಬಿಸಿಯೇ ವೈರಿ. ಬಿಸಿಯಲ್ಲಿ ತುಂಬಿಸಿದಷ್ಟೂ ಅದರ ಆಯುಸ್ಸು ಸವೆಯುತ್ತದೆ. ಸುತ್ತಲಿನ ಗಾಳಿ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಕಾದಿರುವಾಗ ಫೋನನ್ನು ಬಳಸಬಾರದೆಂದು ಕೆಲವು ತಯಾರಕರೇ ತಿಳಿಸಿದ್ದಾರೆ. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಕೊಠಡಿಯ ಗಾಳಿಯೇ ಆ ಮಿತಿಯನ್ನು ದಾಟಿರುತ್ತದೆ. ಆದುದರಿಂದ ಫೋನಿನೊಳಗೆ ಉಷ್ಣತೆಯನ್ನು ಕಾಯುವ ಪಹರೆಯೊಂದಿದೆ. ಬಿಸಿ ಎಲ್ಲೆ ಮೀರುವ ಸೂಚನೆ ಕಂಡೊಡನೆ ಅದು ಪ್ರವಾಹವನ್ನು ಇಳಿಸುತ್ತದೆ. ಪ್ರವಾಹವನ್ನು ಅರ್ಧಕ್ಕೆ ಇಳಿಸಿದರೆ ಕ್ಷಣಕ್ಷಣದ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ತುಂಬಲು ಇಮ್ಮಡಿ ಹೊತ್ತು ಹಿಡಿಯಿತೆನ್ನಿ, ಆಗಲೂ ತಂತಿಯಲ್ಲಿ ಹುಟ್ಟಿದ ಒಟ್ಟು ಶಾಖ ಮೊದಲಿನ ಅರ್ಧ ಮಾತ್ರ. ಮಾಸ್ತರರು ದೂರಿದ ಆ ನಿಧಾನ ಯಂತ್ರದ ಸೋಮಾರಿತನವಲ್ಲ. ಜೂಲನ ನಿಯಮವನ್ನು ಬಲ್ಲವರು ಬ್ಯಾಟರಿಯ ಪ್ರಾಣವನ್ನುಳಿಸಲು ಮಾಡಿಟ್ಟ ಏರ್ಪಾಡು. ಚೀ ಎಂಬ ಹೆಸರಿನ ನಿಸ್ತಂತು ಚಾರ್ಜಿಂಗ್ ವ್ಯವಸ್ಥೆ 2010ರ ಸುಮಾರಿಗೆ ಬಂದಾಗ ಅದರ ಮಿತಿ 5 ವ್ಯಾಟು ಮಾತ್ರವಿತ್ತು. 2023ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಅಯಸ್ಕಾಂತದ ಬಳೆಯನ್ನಿಟ್ಟು ಸುರುಳಿಗಳು ತಾವಾಗಿ ಎದುರುಬದುರಾಗಿ ಕೂಡುವಂತೆ ಮಾಡಿದರು. ಓರೆಯನ್ನು ತಿದ್ದಿದರೆ ಸುಂಕ ಕಡಿಮೆಯಾಗುವುದೆಂಬುದೇ ಅದರ ಹಿಂದಿನ ತಿಳಿವು.

ಇನ್ನು ಚರಿತ್ರೆಗೆ ಮರಳುವೆನು. ಬ್ಯಾಟರಿಯ ಪ್ರವಾಹದಿಂದ ಬಂದ ಶಾಖವು ಬ್ಯಾಟರಿಯಲ್ಲಿಯೇ ಅಡಗಿದ್ದು ತಂತಿಯ ಮೂಲಕ ಹರಿದು ಬಂದಿರಬಹುದಲ್ಲವೇ ಎಂಬ ಆಕ್ಷೇಪಕ್ಕೆ ಎಡೆಯಿತ್ತು. ಏಕೆಂದರೆ ಶಾಖವೆಂಬುದು ಒಂದು ಸೂಕ್ಷ್ಮ ದ್ರವ, ಅದು ಹುಟ್ಟುವುದೂ ಇಲ್ಲ ಸಾಯುವುದೂ ಇಲ್ಲ, ಎಡೆಯಿಂದ ಎಡೆಗೆ ಸಾಗುವುದಷ್ಟೇ ಎಂಬ ಮತ ಆಗ ಪ್ರಬಲವಾಗಿತ್ತು. ಇದನ್ನು ಪರೀಕ್ಷಿಸಲು ಜೂಲನು 1843ರಲ್ಲಿ ಒಂದು ಸೊಗಸಾದ ಉಪಾಯ ಹೂಡಿದನು. ಚಿಕ್ಕದೊಂದು ತಂತಿಸುರುಳಿಯನ್ನು ನೀರು ತುಂಬಿದ ಗಾಜಿನ ಕೊಳವೆಯಲ್ಲಿಟ್ಟು, ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಗರಗರನೆ ತಿರುಗಿಸಿದನು. ಆ ಸುರುಳಿಗೆ ಹೊರಗಿನಿಂದ ಹರಿದು ಬರಬಹುದಾದ ಶಾಖ ಎಲ್ಲಿಯೂ ಇರಲಿಲ್ಲ. ಪ್ರವಾಹ ಹುಟ್ಟಿದ್ದು ಕೇವಲ ಪ್ರೇರಣೆಯಿಂದ. ಆದರೂ ನೀರು ಬಿಸಿಯಾಯಿತು, ಅದೇ ವರ್ಗದ ನಿಯಮಕ್ಕನುಸಾರವಾಗಿಯೇ ಬಿಸಿಯಾಯಿತು. ನಿಸ್ತಂತು ಮಣೆಯ ಮೇಲಿನ ಫೋನಿನ ಕಾವು ಇದರ ನೇರ ಸಂತತಿ. ಅನಂತರ ಚಕ್ರವನ್ನು ತಿರುಗಿಸಲು ಇಳಿಯುವ ತೂಕಗಳನ್ನು ಕಟ್ಟಿ, ಇಷ್ಟು ಭಾರ ಇಷ್ಟು ಎತ್ತರದಿಂದ ಇಳಿದರೆ ಇಷ್ಟು ಶಾಖ ಎಂದು ಲೆಕ್ಕ ತೆಗೆದನು. ಶಾಖವು ದ್ರವವಲ್ಲ, ವ್ಯಯವಾದ ದುಡಿಮೆಯೇ ರೂಪಾಂತರ ಹೊಂದಿ ಶಾಖವಾಗುತ್ತದೆ ಎಂಬ ತೀರ್ಮಾನಕ್ಕೆ ಬಂದನು. ಅದೇ ವರ್ಷ ಐರ್ಲೆಂಡಿನ ಕಾರ್ಕ್ ನಗರದ ವಿಜ್ಞಾನಿಗಳ ಸಭೆಯಲ್ಲಿ ಇದನ್ನು ಓದಿದಾಗ ಕೇಳಿದವರು ಮೌನವಾಗಿದ್ದರು. ಮರುವರ್ಷ ಗಾಳಿಯ ಸಂಕೋಚ ವಿಕಾಸಗಳನ್ನು ಕುರಿತ ಲೇಖನವನ್ನು ರಾಯಲ್ ಸೊಸೈಟಿ ಮತ್ತೆ ತಳ್ಳಿಹಾಕಿತು. ಜರ್ಮನಿಯ ವೈದ್ಯ ಮೇಯರನೂ 1842ರಲ್ಲಿಯೇ ಇಂಥ ವಿಚಾರವನ್ನು ಪ್ರಕಟಿಸಿದ್ದನು; ಯಾರು ಮೊದಲು ಎಂಬ ಜಗಳ ಮುಂದೆ ಬಹುಕಾಲ ನಡೆಯಿತು. ಅದನ್ನು ಇಲ್ಲಿ ಬೆಳೆಸುವುದು ಬೇಡ.

ಹಗಲೆಲ್ಲ ಮನೆತನದ ವ್ಯವಹಾರ, ಬಿಡುವಿನಲ್ಲಿ ಪ್ರಯೋಗ, ಹೀಗೆ ವರ್ಷಗಳು ಸಂದವು. 1847ರ ಜೂನಿನಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ ಅಧ್ಯಕ್ಷನು ಹೊತ್ತಾಯಿತೆಂದು ಜೂಲನಿಗೆ ಸಂಕ್ಷೇಪವಾಗಿ ಹೇಳಿ ಮುಗಿಸಲು ಸೂಚಿಸಿದನು. ಈ ಸಲವೂ ಮಾತು ಗಾಳಿಗೆ ಹೋಗುತ್ತಿತ್ತು. ಆದರೆ ಶ್ರೋತೃಗಳಲ್ಲಿ ಗ್ಲಾಸ್ಗೋದ ತರುಣ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ಇದ್ದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಜಗತ್ತು ಅರಿತವನು ಇವನೇ. ಅವನು ಎದ್ದು ನಿಂತು ಪ್ರಶ್ನಿಸಿದ್ದರಿಂದ ಸಭೆಯ ಕಣ್ಣು ತೆರೆಯಿತೆಂದು ಜೂಲನು ನೆನೆದುಕೊಂಡಿದ್ದಾನೆ. ತಾನು ಏಳಲಿಲ್ಲ, ಸಭೆ ಮುಗಿದ ಮೇಲೆ ಹೋಗಿ ಮಾತನಾಡಿಸಿದೆನೆಂದು ಥಾಮ್ಸನ್ ಹೇಳಿದ್ದಾನೆ. ಹಿರಿಯರ ನೆನಪುಗಳು ಹೀಗೆಯೇ. ಥಾಮ್ಸನ್ನನು ಒಡನೆಯೇ ಒಪ್ಪಲಿಲ್ಲ, ಆದರೆ ಅಲಕ್ಷಿಸಲೂ ಇಲ್ಲ. ವಾದವು ಸ್ನೇಹವಾಗಿ, ಸ್ನೇಹವು ಸಹಕಾರವಾಗಿ ಬೆಳೆಯಿತು. 1852ರಿಂದ ಹತ್ತು ವರ್ಷ ಇಬ್ಬರೂ ಕೂಡಿ ನಡೆಸಿದ ಪ್ರಯೋಗಗಳಿಂದ, ಒತ್ತಡದ ಅನಿಲವು ಕಿರುರಂಧ್ರಗಳಿಂದ ಹೊರಬಿದ್ದು ಹಿಗ್ಗುವಾಗ ತಣ್ಣಗಾಗುವ ಸಂಗತಿ ಹೊರಬಂದಿತು. ಗಾಳಿಯನ್ನು ದ್ರವವಾಗಿಸುವ ವಿದ್ಯೆ ಮುಂದೆ ಅದರ ಮೇಲೆ ನಿಂತಿತು.

ಅದೇ 1847ರ ಆಗಸ್ಟಿನಲ್ಲಿ ಜೂಲನು ಅಮೀಲಿಯಾ ಗ್ರೈಮ್ಸ್ ಎಂಬಾಕೆಯನ್ನು ಮದುವೆಯಾದನು. ನವದಂಪತಿಗಳು ಆಲ್ಪ್ಸ್ ಪರ್ವತದ ಕಡೆ ವಿಹಾರ ಹೋಗಿದ್ದಾಗ ದಾರಿಯಲ್ಲಿ ಥಾಮ್ಸನ್ ಎದುರಾದನಂತೆ. ವರನ ಕೈಯಲ್ಲಿ ಉದ್ದನೆಯ ಉಷ್ಣಮಾಪಕವಿತ್ತಂತೆ. ಧುಮ್ಮಿಕ್ಕುವ ಜಲಪಾತದ ಬುಡದ ನೀರು ನೆತ್ತಿಯ ನೀರಿಗಿಂತ ಕೊಂಚ ಬಿಸಿಯಾಗಿರಬೇಕೆಂದು ಅಳೆಯಲು ಹೊರಟಿದ್ದನಂತೆ! ನೀರು ಹನಿಹನಿಯಾಗಿ ಚದುರಿದ್ದರಿಂದ ಪ್ರಯೋಗ ಕೈಗೂಡಲಿಲ್ಲ. ಇದು ಥಾಮ್ಸನ್ ಮುಪ್ಪಿನಲ್ಲಿ ಹೇಳಿದ ಕಥೆ. ಉಪ್ಪು ಖಾರ ಎಷ್ಟು ಬೆರೆತಿದೆಯೋ, ಸ್ವಾರಸ್ಯಕ್ಕಂತೂ ಕೊರತೆಯಿಲ್ಲ.

ಅವನ ಹೆಸರನ್ನು ಶಾಶ್ವತಗೊಳಿಸಿದ ಪ್ರಯೋಗ 1849ರಲ್ಲಿ ಪೂರ್ಣಗೊಂಡಿತು. ಕಡೆಗೋಲಿನಿಂದ ಮಜ್ಜಿಗೆ ಕಡೆಯುವುದನ್ನು ಬಲ್ಲ ನಮ್ಮವರಿಗೆ ಅದು ಸುಲಭವಾಗಿ ತಿಳಿದೀತು. ತಾಮ್ರದ ಪಾತ್ರೆಯಲ್ಲಿ ನೀರು. ನೀರಿನಲ್ಲಿ ಹಿತ್ತಾಳೆಯ ರೆಕ್ಕೆಗಳುಳ್ಳ ಕಡೆಗೋಲು. ಅದಕ್ಕೆ ಸುತ್ತಿದ ಹಗ್ಗದ ತುದಿಗಳಲ್ಲಿ ಸೀಸದ ತೂಕಗಳು. ತೂಕಗಳು ಮೆಲ್ಲಗೆ ನೆಲಕ್ಕಿಳಿಯುವಾಗ ಕಡೆಗೋಲು ತಿರುಗಿ ನೀರನ್ನು ಕಡೆಯುತ್ತದೆ. ಮತ್ತೆ ಮೇಲೆತ್ತಿ ಇಳಿಬಿಡುವುದು. ಹೀಗೆ ಇಪ್ಪತ್ತು ಸಲ. ಇಷ್ಟು ಮಾಡಿದ ಮೇಲೆ ನೀರಿನ ಉಷ್ಣತೆ ಏರಿದ್ದು ಫ್ಯಾರನ್‌ಹೀಟ್ ಮಾನದಲ್ಲಿ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಡಿಗ್ರಿಯ ಇನ್ನೂರರಲ್ಲಿ ಒಂದು ಭಾಗವನ್ನು ಓದಬಲ್ಲ ಉಷ್ಣಮಾಪಕವನ್ನು ಮ್ಯಾಂಚೆಸ್ಟರಿನ ಡ್ಯಾನ್ಸರ್ ಎಂಬ ಕುಶಲಿಯಿಂದ ಮಾಡಿಸಿಕೊಂಡಿದ್ದನು. ತಣ್ಣನೆಯ ನೆಲಮಾಳಿಗೆಯಲ್ಲಿ ನಿಂತು, ತನ್ನ ಮೈಯ ಬಿಸಿಯೇ ಲೆಕ್ಕವನ್ನು ಕೆಡಿಸೀತೆಂದು ತನಗೂ ಪಾತ್ರೆಗೂ ನಡುವೆ ಮರದ ದೊಡ್ಡ ತೆರೆಯೊಂದನ್ನು ನಿಲ್ಲಿಸಿದ್ದನು. 772 ಪೌಂಡು ತೂಕ ಒಂದು ಅಡಿ ಇಳಿದರೆ ಒಂದು ಪೌಂಡು ನೀರು ಒಂದು ಡಿಗ್ರಿ ಬಿಸಿಯಾಗುತ್ತದೆ: ಇದು ಅವನು ಕಂಡ ಅಂಕಿ.

ಲೇಖನವನ್ನು ರಾಯಲ್ ಸೊಸೈಟಿಯ ಮುಂದಿಟ್ಟವನು ಫ್ಯಾರಡೆ. ಅವನೂ ಯಾವ ವಿಶ್ವವಿದ್ಯಾನಿಲಯವನ್ನೂ ಕಾಣದೆ ಮೇಲೆ ಬಂದವನೇ ಆಗಿದ್ದನು. 1850ರಲ್ಲಿ ಲೇಖನ ಅಚ್ಚಾಯಿತು. ಅದೇ ವರ್ಷ ಜೂಲನು ಆ ಸಂಸ್ಥೆಯ ಸದಸ್ಯನಾದನು. ಆದರೆ ಒಂದು ಮಾತನ್ನು ಮರೆಮಾಚಲಾಗದು. ಘರ್ಷಣೆಯೆಂದರೆ ದುಡಿಮೆಯು ಶಾಖವಾಗಿ ಮಾರ್ಪಡುವುದೇ ಎಂಬ ಮೂರನೆಯ ತೀರ್ಮಾನವನ್ನು ಲೇಖನದಿಂದ ತೆಗೆದುಹಾಕಬೇಕೆಂದು ಪರಿಶೀಲಕರು ಬಯಸಿದರು. ಅವನು ತೆಗೆದನು. ಅಂಕಿಗಳನ್ನು ಒಪ್ಪಿ ಅಂಕಿಗಳ ಅರ್ಥವನ್ನು ಮಾತ್ರ ತಡೆಹಿಡಿದ ಆ ಪಂಡಿತರ ಹೆಸರು ಇಂದು ಯಾರಿಗೂ ಬೇಕಿಲ್ಲ.

1854 ಜೂಲನ ಬಾಳಿನ ಕರಾಳ ವರ್ಷ. ಹಸುಗೂಸಿನೊಡನೆ ಪತ್ನಿಯೂ ತೀರಿಕೊಂಡಳು. ಒಬ್ಬ ಮಗ, ಒಬ್ಬಳು ಮಗಳು ಉಳಿದರು. ಅವನು ಮತ್ತೆ ಮದುವೆಯಾಗಲಿಲ್ಲ. ಕಾರ್ಖಾನೆಯ ವ್ಯವಹಾರವೂ ಆ ಹೊತ್ತಿಗೆ ಕೈಬಿಟ್ಟಿತು. ಮೊದಲೇ ಮಿತಭಾಷಿಯಾದವನು ಇನ್ನಷ್ಟು ಒಳಗೆ ಸರಿದನು. ಪ್ರಶಸ್ತಿಗಳು ಬಂದವು, 1870ರಲ್ಲಿ ರಾಯಲ್ ಸೊಸೈಟಿಯ ಅತ್ಯುನ್ನತ ಕೋಪ್ಲಿ ಪದಕವೂ ಬಂದಿತು. ಸ್ವಂತ ಹಣವನ್ನು ಪ್ರಯೋಗಕ್ಕೆ ಸುರಿದವನ ಕೈ ಕೊನೆಗೆ ಬರಿದಾದುದರಿಂದ 1878ರಲ್ಲಿ ಸರಕಾರವು ವರ್ಷಕ್ಕೆ 200 ಪೌಂಡುಗಳ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ಅದೇ ವರ್ಷ, ಅರುವತ್ತರ ಹೊಸ್ತಿಲಲ್ಲಿ, ಅವನು ಕಡೆಗೋಲಿನ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ಹಳೆಯ ಅಂಕಿಯನ್ನು ತಿದ್ದಿಕೊಂಡನು. 

1889ರ ಅಕ್ಟೋಬರ್ 11ರಂದು ಮ್ಯಾಂಚೆಸ್ಟರಿನ ಬಳಿಯ ಸೇಲ್ ಎಂಬಲ್ಲಿ ಜೂಲನು ಕಾಲವಾದನು. ಆ ವರ್ಷವೇ ಪ್ಯಾರಿಸಿನಲ್ಲಿ ಕೂಡಿದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಭೆ ಶಕ್ತಿಯ ಮಾನಕ್ಕೆ ಅವನ ಹೆಸರನ್ನಿಟ್ಟಿತು. ನಮ್ಮ ಒಂಬತ್ತನೆಯ ತರಗತಿಯ ಹುಡುಗರು ಲೆಕ್ಕದ ಉತ್ತರದ ಮುಂದೆ ಬರೆಯುವ ಜೂಲ್ ಅದೇ. ಮ್ಯಾಂಚೆಸ್ಟರಿನ ಪುರಭವನದ ಪ್ರವೇಶದ್ವಾರದಲ್ಲಿ ಗುರು ಡಾಲ್ಟನ್ ಮತ್ತು ಶಿಷ್ಯ ಜೂಲ್ ಇಬ್ಬರ ಶಿಲಾಮೂರ್ತಿಗಳೂ ಇವೆ. ಸೇಲ್‌ನ ಬ್ರೂಕ್‌ಲ್ಯಾಂಡ್ಸ್ ರುದ್ರಭೂಮಿಯಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ 1878ರಲ್ಲಿ ಅವನು ತಿದ್ದಿ ಪಡೆದ ಅಂಕಿಯನ್ನು ಕೆತ್ತಿದ್ದಾರೆ: 772.55. ಇಂದಿನ ಸೂಕ್ಷ್ಮ ಸಾಧನಗಳು ಕೊಡುವ ಅಂಕಿ ಸುಮಾರು 778. ಎರಡಕ್ಕೂ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ.